ನಿವೇತಾಳ ಕೈಗೆ ಕಟ್ಟಿದ ಪಾವು

ಅಪ್ಪಾ,

ನಿನ್ನ ಮೇಲೆ ಕೆಟ್ಟ ಕೋಪ ಬಂದಿದೆ. ಕ್ಷೇಮ ಸಮಾಚಾರವೆಲ್ಲ ಆಮೇಲೆ.

ವಿಯೆಟ್ನಾಮಿನಲ್ಲಿ ನಾನು ಇಂಗ್ಲಿಷ್ ಕಲಿಸುವ ಶಾಲೆಯಲ್ಲೇ ತಂಗಿ ನಿವೇತಾಗೂ ಟೀಚರ್ ಕೆಲಸ ಸಿಕ್ಕಿ ಮೂರು ತಿಂಗಳಾಯಿತು. ಇಪ್ಪತ್ತನೇ ತಾರೀಕಿನೊಳಗೆ ಬರದಿದ್ದರೆ ಬೇರೆಯವರಿಗೆ ಕೊಡುತ್ತಾರಂತೆ. ನಿನ್ನದು ಮಾತ್ರ ಅದೇ ರಾಗ: "ಪಾವು ಕಟ್ಟಿದ ಕೈ, ಸೀಲೆ ಕತ್ತರ್ಸೋಗಂಟ ವಾಸ್ಲು ದಾಟಬಾರ್ದು."

ನಮ್ಮ ಮನೆಯ ಪದ್ಧತಿ ನನಗೂ ಗೊತ್ತು. ಮಗ್ಗದ ಹಳೆಯ ಎಳೆಗಳಿಗೆ ಹೊಸ ಪಾವಿನ, ಅಂದರೆ ಹಾಸಿನ, ಎಳೆಗಳನ್ನು ಹೊಸೆದು ಸೇರಿಸಿದವರು, ಆ ಸೀರೆಗಳು ಇಳಿಯುವ ತನಕ ಊರು ಬಿಡುವಂತಿಲ್ಲ. ಆಯಿತಪ್ಪ. ಆದರೆ ಒಂದು ಪಾವು ಮುಗಿಯುತ್ತಲೇ ಇನ್ನೊಂದನ್ನು ತಂದು ಅವಳ ಮುಂದೆಯೇ ಹಾಕುತ್ತೀಯಲ್ಲ, ಇದು ಯಾವ ಊರಿನ ಪದ್ಧತಿ? ಎಳೆ ಹೊಸೆಯಲು ಶಿವಗಾಮಿ ಅತ್ತೆಗೆ ಕೈ ಇಲ್ಲವೇ? ನಾನು ಹೊರಟಾಗ ಅರ್ಧ ನೇಯ್ದ ಸೀರೆಯನ್ನೇ ಕತ್ತರಿಸಿ, ಗಾಂಧಿಪುರಂ ಬಸ್ ಸ್ಟ್ಯಾಂಡಿನವರೆಗೆ ಬಂದು ಬಸ್ಸು ಹತ್ತಿಸಿದವನು ನೀನೇ ತಾನೆ? ನಮ್ಮೂರು ಸಿರುಮುಗೈಯಲ್ಲಿ ಬೀದಿಗೆ ಬೀದಿಯೇ ಆಡಿಕೊಂಡರೂ ನೀನು ಕ್ಯಾರೇ ಅನ್ನಲಿಲ್ಲ. ಆ ಅಪ್ಪ ಎಲ್ಲಿ ಹೋದ?

ಮನೆಯ ಕನ್ನಡ, ಬೀದಿಯ ತಮಿಳು ಬಿಟ್ಟರೆ ಬೇರೇನೂ ತಿಳಿಯದೆ ಒಂದನೇ ಕ್ಲಾಸಿನಲ್ಲಿ ಕಣ್ಣು ಕಣ್ಣು ಬಿಟ್ಟು ಕೂತವಳು ನಾನು. ಅದಕ್ಕೇ ಇಲ್ಲಿ ಬಾಯಿ ಬಿಡದ ಮಗುವನ್ನು ದಡ್ಡ ಅನ್ನುವುದಿಲ್ಲ, ಅದರ ಪಕ್ಕ ಹೋಗಿ ಕೂರುತ್ತೇನೆ. ನಿವೇತಾ ನನಗಿಂತ ಒಳ್ಳೆಯ ಟೀಚರ್ ಆಗುತ್ತಾಳೆ. ಅವಳ ತಾಳ್ಮೆ ನನಗೆಲ್ಲಿ ಬರಬೇಕು?

ಹೋದ ವಾರ ಫೋನಿನಲ್ಲಿ ನೀನೇ ನಿಜ ಬಾಯಿಬಿಟ್ಟೆ. "ನಿನ್ನ ಕಳ್ಸಿ ಕಳ್ಕೊಂಡೆ. ಇವಳ್ನೂ ಕಳ್ಕೊಳಾಕೆ ನನ್ನಿಂದ ಮುಡಿಯಾದಿಲ್ಲ."

ನಿನ್ನಿಂದ ಆಗುವುದಿಲ್ಲವಂತೆ! ಕಳ್ಕೊಂಡೆ ಅಂದರೆ? ನಾನೇನು ಸತ್ತಿದ್ದೇನೆಯೇ? ಆ ಮಾತು ಕೇಳಿ ಎರಡು ದಿನ ಅನ್ನ ಸೇರಲಿಲ್ಲ. ಭಯವಾದರೆ ಭಯ ಅನ್ನು, ಅಳಬೇಕಾದರೆ ಅಳು. ಅದಕ್ಕೆ ಪಾವಿನ ಹೆಸರು ಹೇಳಿ ಅವಳನ್ನು ಮಗ್ಗಕ್ಕೆ ಕಟ್ಟಬೇಡ.

ನಿನಗೆ ಕನ್ನಡ ಅಕ್ಷರ ಬಾರದು. ಇದನ್ನು ಓದಿ ಹೇಳುತ್ತಿರುವವಳು ನಿವೇತಾ. ಆ ಅಕ್ಷರಗಳನ್ನು ನಾನು ಇಲ್ಲಿ ಕಲಿತು, ವಿಡಿಯೋ ಕಾಲಿನಲ್ಲಿ ಅವಳಿಗೂ ಕಲಿಸಿದೆ. ನಿನ್ನೆದುರು ಒಂದು ದಿನವೂ ಎದುರಾಡದವಳು ಇಷ್ಟು ಹೊತ್ತು ನಿನ್ನನ್ನು ಬೈದಳು, ನೀನು ಕೇಳಿಸಿಕೊಂಡೆ. ಇನ್ನೂ ಸ್ವಲ್ಪ ಹೊತ್ತು ಕೂತಿರು.

ನಿವೇತಾ, ನನ್ನ ಹೆಸರು ಓದಿದ ಮೇಲೆ ಕಾಗದ ಮಡಿಸಿಡು. ಹೋಗಬೇಕೋ ಬೇಡವೋ, ಅದನ್ನು ಅಪ್ಪನ ಮುಖ ನೋಡಿ ನೀನೇ ಹೇಳು.

ಇಬ್ಬರೂ ಚೆನ್ನಾಗಿರಿ.

ಕೋಪದಲ್ಲೂ ನಿನ್ನ ಮಗಳೇ,
ಜಯಪ್ರಿಯಾ