‘ಸಾಲಿ’ ಅಂದ ಮಗುವಿಗೆ ಓದು ಬರುವುದಿಲ್ಲವೇ?

ಮಾನ್ಯ ಶಿಕ್ಷಣಾಧಿಕಾರಿಗಳೇ,

ಎರಡನೇ ತರಗತಿಯಲ್ಲಿರುವ ನನ್ನ ಮಗಳು ಸಂಘಮಿತ್ರಾ ಈಗ ಓದುವುದಿಲ್ಲ. ಓದಲು ಬಾರದೆ ಅಲ್ಲ. ತಾವು ಶಾಲೆಯ ತಪಾಸಣೆಗೆ ಬಂದು ಹೋದ ದಿನದಿಂದ, ಪುಸ್ತಕ ಕೈಗೆ ಕೊಟ್ಟರೆ ತುಟಿ ಬಿಗಿಹಿಡಿದು ಕೂರುತ್ತಾಳೆ. ಮಕ್ಕಳಿಗೆ ಓದು ಕಲಿಸಲೆಂದು ಸಂಬಳ ಪಡೆಯುವವರು, ಕಲಿತ ಓದನ್ನು ಒಂದೇ ಭೇಟಿಯಲ್ಲಿ ಬಿಡಿಸಿ ಹೋದದ್ದು ಸಾಮಾನ್ಯ ಸಾಧನೆಯಲ್ಲ. ಅದನ್ನು ನಾಲ್ಕು ಜನ ತಿಳಿಯಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಗೋಕಾಕ ತಾಲೂಕಿನ ನಮ್ಮ ಊರಿನ ಹೆಸರನ್ನು ಮಾತ್ರ ಬರೆಯುವುದಿಲ್ಲ. ಬರೆದರೆ ನೋಟಿಸು ಬರುವುದು ತಮಗಲ್ಲ, ಮುಖ್ಯಶಿಕ್ಷಕರಿಗೆ.

ಒಂದನೇ ತರಗತಿಯಲ್ಲಿ ನನ್ನ ಮಗಳು ವರ್ಷವಿಡೀ ಕಾಗುಣಿತ ನಕಲು ಮಾಡಿದಳು. ಅಕ್ಷರ ಮುತ್ತಿನಂತೆ ಇರುತ್ತಿತ್ತು. ಆದರೆ ‘ಕಮಲ’ ಎಂಬ ಪದ ತೋರಿಸಿದರೆ ಕ, ಮ, ಲ ಎಂದು ಬಿಡಿಬಿಡಿಯಾಗಿ ಹೇಳಿ, ಮುಂದೇನು ಎಂಬಂತೆ ನನ್ನ ಮುಖ ನೋಡುತ್ತಿದ್ದಳು. ಈ ವರ್ಷ ಅತಿಥಿ ಶಿಕ್ಷಕಿಯಾಗಿ ಭಾಗ್ಯಾ ಬಂದರು. ಅವರು ಮೊದಲು ಮಕ್ಕಳಿಗೆ ಮಾತಾಡಲು ಬಿಟ್ಟರು. ಒಂದು ಮಗು ‘ನಮ್ಮ ಮನಿ ಮುಂದ ಬೇವಿನ ಗಿಡ ಐತಿ’ ಎಂದರೆ, ಹಲಗೆಯ ಮೇಲೆ ಅದನ್ನೇ ಬರೆದರು. ತಮ್ಮ ಬಾಯಿಯ ಮಾತು ಅಕ್ಷರವಾದದ್ದನ್ನು ಕಂಡು ಮಕ್ಕಳು ತಾವಾಗಿ ಓದಿದರು. ಆಮೇಲೆ ಅದರ ಪಕ್ಕದಲ್ಲಿ ‘ನಮ್ಮ ಮನೆಯ ಮುಂದೆ ಬೇವಿನ ಗಿಡ ಇದೆ’ ಎಂದು ಬರೆದು, ‘ಇದು ನಾವು ಮಾತಾಡೂದು, ಇದು ಪುಸ್ತಕದಾಗ ಬರಿಯೂದು. ಎರಡೂ ನಮ್ಮವ’ ಎಂದು ಹೇಳಿಕೊಟ್ಟರು. ದಸರಾ ರಜೆಯ ಹೊತ್ತಿಗೆ ಇಡೀ ತರಗತಿ ಓದುತ್ತಿತ್ತು. ನಾನು ಮೂಡಲಗಿಯ ಆಸ್ಪತ್ರೆಯಲ್ಲಿ ನರ್ಸ್. ರಜೆಯಲ್ಲಿ ಮಗಳನ್ನು ಬಸ್ಸಿನಲ್ಲಿ ಕರೆದೊಯ್ದರೆ ದಾರಿಯುದ್ದಕ್ಕೂ ಕಂಡ ಕಂಡ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದಳು. ಗೊಬ್ಬರದ ಅಂಗಡಿ, ಹಲ್ಲಿನ ಡಾಕ್ಟರು, ಯಾವುದನ್ನೂ ಬಿಡುತ್ತಿರಲಿಲ್ಲ.

ಅಂಥ ತರಗತಿಗೆ ತಾವು ದಯಮಾಡಿಸಿದಿರಿ. ಹಲಗೆಯ ಮೇಲಿನ ‘ಮನಿ’ ಕಂಡು ತಮಗೆ ಸಿಟ್ಟು ಬಂತು. ನನ್ನ ಮಗಳನ್ನು ಎಬ್ಬಿಸಿ ಪುಸ್ತಕ ಕೊಟ್ಟಿರಿ. ಅದರಲ್ಲಿ ‘ಇದು ನಮ್ಮ ಶಾಲೆ’ ಎಂದಿತ್ತು. ಅವಳು ‘ಇದು ನಮ್ಮ ಸಾಲಿ’ ಎಂದು ಓದಿದಳು. ತಾವು ನಕ್ಕಿರಿ. ಸಾಹೇಬರು ನಕ್ಕರೆಂದು ಮಕ್ಕಳೂ ನಕ್ಕರು. ಮತ್ತೆ ಮತ್ತೆ ಓದಿಸಿದಿರಿ. ಹೆದರಿದ ಬಾಯಿಂದ ಮತ್ತೆ ಮತ್ತೆ ಸಾಲಿ ಎಂದೇ ಬಂತು. ಓದು ಬಾರದ ಮಗು ಎಂದು ತೀರ್ಪು ಕೊಟ್ಟು, ಭಾಗ್ಯಾ ಅವರ ಕೈಯಿಂದಲೇ ಹಲಗೆ ಒರೆಸಿಸಿದಿರಿ. ಕೆಲವೇ ದಿನಗಳಲ್ಲಿ ಅವರ ಕೆಲಸವೂ ಹೋಯಿತು.

ಮಾನ್ಯರೇ, ಪುಸ್ತಕದಲ್ಲಿ ಇದ್ದದ್ದು ಶಾಲೆ, ಮಗು ಹೇಳಿದ್ದು ಸಾಲಿ. ಅಕ್ಷರ ಕೂಡಿಸದೆ, ಅರ್ಥ ತಿಳಿಯದೆ, ಅದನ್ನು ತನ್ನ ಮಾತಿಗೆ ಹೊರಳಿಸಲು ಹೇಗೆ ಸಾಧ್ಯ? ಅರ್ಥ ಆಗಿದ್ದಕ್ಕೇ ಅದು ಸಾಲಿ ಎಂದಿತು. ಅರ್ಥವಾಗದ ಮಗು ಶಾ, ಲೆ ಎಂದು ಗಿಳಿಯಂತೆ ಒದರಿದ್ದರೆ ತಾವು ಶಹಬ್ಬಾಸ್ ಎನ್ನುತ್ತಿದ್ದಿರಲ್ಲವೇ? ನನ್ನ ಮಗಳು ಸಾಲಿ ಎಂದೇ ಬರೆಯಲಿ ಎಂದು ನಾನು ವಾದಿಸುತ್ತಿಲ್ಲ. ಶಾಲೆ ಎಂದು ಬರೆಯುವುದನ್ನೇ ಭಾಗ್ಯಾ ಕಲಿಸುತ್ತಿದ್ದರು, ಆದರೆ ಮನೆಯ ಮಾತಿಗೆ ಅವಮಾನ ಮಾಡದೆ ಕಲಿಸುತ್ತಿದ್ದರು. ತಾವು ಕಲಿಸಿದ್ದು ಅವಮಾನವನ್ನು ಮಾತ್ರ.

ಇದನ್ನೇ ಕೇಳಲು ತಮ್ಮ ಕಚೇರಿಗೆ ಬಂದೆ. ಭಾಷೆಯ ಶುದ್ಧಿಯ ಕುರಿತು ತಾವು ಬಹಳ ಹೊತ್ತು ಉಪದೇಶ ಮಾಡಿದಿರಿ. ನಡುವೆ ಫೋನು ಬಂತು. ಎತ್ತಿಕೊಂಡು ತಾವು ಹೇಳಿದ್ದು ಇಷ್ಟು:

‘ಹ್ಞಾಂ, ಮನಿಗಿ ಬರಾಕತ್ತೇನಿ. ತಾಟ ಹಚ್ಚು.’

ನನಗೆ ತಡೆಯಲಾಗಲಿಲ್ಲ. ‘ಸಾಹೇಬ್ರ, ನೀವೂ ಮನಿ ಅಂದ್ರಲ್ರಿ. ಮತ್ತ ನನ್ನ ಮಗಳಿಗಿ ಯಾಕ ನಕ್ಕಿರಿ?’ ಎಂದೆ.

‘ಅದು ಬ್ಯಾರೆ, ಇದು ಬ್ಯಾರೆ’ ಎಂದು ತಾವು ಎದ್ದು ಊಟಕ್ಕೆ ನಡೆದಿರಿ. ಹೌದು, ಬೇರೆಯೇ. ತಮ್ಮನ್ನು ಎಬ್ಬಿಸಿ ನಿಲ್ಲಿಸಿ ನಗುವವರು ಯಾರೂ ಇಲ್ಲ.

ಭಾಗ್ಯಾ ಈಗ ಹುಕ್ಕೇರಿಯ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ಮಡಚುತ್ತಿದ್ದಾರೆ. ತರಗತಿಗೆ ನಕಲು ಬರೆಯುವ ಕೆಲಸ ಮರಳಿದೆ. ಮೊನ್ನೆ ಮಗಳ ಮುಂದೆ ಕಥೆಪುಸ್ತಕ ಹಿಡಿದೆ. ಅವಳು ಅದನ್ನು ನನ್ನ ಕಡೆಗೇ ಸರಿಸಿ, ‘ನಾ ಓದಿದ್ರ ನಗ್ತಾರವ್ವಾ. ನೀನ ಓದು’ ಎಂದಳು. ದಿನವೂ ಎಷ್ಟೋ ಮಕ್ಕಳಿಗೆ ಸೂಜಿ ಚುಚ್ಚುವವಳು ನಾನು. ಮಕ್ಕಳ ಅಳು ನನಗೆ ಹೊಸದಲ್ಲ. ಅವಳು ಅಳದೆ ಹೇಳಿದ ಆ ಮಾತನ್ನು ತಾಳಿಕೊಳ್ಳಲು ಆಗಲಿಲ್ಲ.

ಭಾಗ್ಯಾ ಅವರನ್ನು ಅದೇ ತರಗತಿಗೆ ಮರಳಿ ಕರೆಸಿರಿ. ತಾವೂ ಬನ್ನಿ, ಮಕ್ಕಳ ನಡುವೆ ನೆಲದ ಮೇಲೆ ಕುಳಿತು, ನಕ್ಕದ್ದು ತಪ್ಪಾಯಿತು ಎಂದು ಅವರಿಗೆ ಕೇಳಿಸುವಂತೆ ಹೇಳಿ. ಆಮೇಲೆ ನನ್ನ ಮಗಳಿಗೆ ಪುಸ್ತಕ ಕೊಡಿ. ಅವಳು ಬಾಯಿ ತೆರೆಯಲು ಹೊತ್ತು ಹಿಡಿಯಬಹುದು. ಕಾಯಿರಿ. ಅದಕ್ಕೂ ತಮಗೆ ಪುರುಸೊತ್ತಿಲ್ಲದಿದ್ದರೆ, ದಯವಿಟ್ಟು ಇನ್ನೊಂದು ಶಾಲೆಯ ಹೊಸ್ತಿಲು ತುಳಿಯಬೇಡಿ.

ಇಂತಿ,
‘ತಮ್ಮ ವಿಧೇಯಳು’ ಎಂದು ಬರೆಯಲು ಕೈ ಬಾರದ
ಆಮ್ರಪಾಲಿ,
ಸಂಘಮಿತ್ರಾಳ ತಾಯಿ