ಫಲಕದ ಮೇಲಿನ ರೊಟ್ಟಿ

ನಗರದ ಆರೋಗ್ಯದ ಹೊಣೆ ಹೊತ್ತ ಅಧಿಕಾರಿಗಳೇ,

ಪೀಣ್ಯದ ನಮ್ಮ ಕಾರ್ಖಾನೆ ಬೀದಿಯಲ್ಲಿ, ಜೋಳದ ರೊಟ್ಟಿ ತಿನ್ನಿ ಎಂದು ನೀವು ದೊಡ್ಡ ಫಲಕ ನಿಲ್ಲಿಸಿದ್ದೀರಿ. ಅದನ್ನು ನಿಲ್ಲಿಸಲೆಂದೇ ಅಲ್ಲಿ ಜೋಳದ ರೊಟ್ಟಿ ಮಾರುತ್ತಿದ್ದವಳನ್ನು ಎಬ್ಬಿಸಿದ್ದೀರಿ. ಎರಡೂ ಆದೇಶಗಳಿಗೆ ಒಂದೇ ಕೈ ಸಹಿ ಹಾಕಿತೇ, ಅಥವಾ ನಿಮ್ಮ ಕಚೇರಿಯ ಮೇಜುಗಳು ಪರಸ್ಪರ ಮಾತು ಬಿಟ್ಟಿವೆಯೇ?

ಮಲಕವ್ವ ಬಾಗಲಕೋಟೆ ಕಡೆಯವಳು. ಬಾಡಿಗೆ ಕೋಣೆಯಲ್ಲಿ ರೊಟ್ಟಿ ಬಡಿದು, ಕಾರ್ಮಿಕರ ಊಟದ ಹೊತ್ತಿಗೆ ಬುಟ್ಟಿ ಹೊತ್ತು ಬರುತ್ತಿದ್ದಳು. ಜೊತೆಗೆ ಹೆಸರುಕಾಳು ಪಲ್ಯ, ಶೇಂಗಾ ಹಿಂಡಿ, ಒಂದು ಹಿಡಿ ಹಸಿ ಮೆಂತ್ಯ. ಲೇತ್ ಕೆಲಸದ ಭರಮಪ್ಪನಿಗೆ ಸಕ್ಕರೆ ಕಾಯಿಲೆ. ಅವನಿಗೆ ಅವಳ ಬುಟ್ಟಿಯೇ ಪಥ್ಯ. ಊಟಕ್ಕೆ ಸಿಗುವುದು ಅರ್ಧ ಗಂಟೆ. ಅಷ್ಟರಲ್ಲಿ ಗೇಟಿನಿಂದ ಎಷ್ಟು ದೂರ ಹೋಗಿಬರಬಹುದೋ ಅಷ್ಟೇ ಅವನ ಆರೋಗ್ಯದ ಸರಹದ್ದು.

ಕಳೆದ ಬೇಸಿಗೆಯಲ್ಲಿ ನಿಮ್ಮ ಛಾಯಾಗ್ರಾಹಕರು ಬಂದರು. "ಇನ್ನೊಂದ್ ರೊಟ್ಟಿ ಇಡಮ್ಮ, ಫೋಟೋ ಸಕ್ಕತ್ತಾಗ್ ಬರುತ್ತೆ" ಎಂದರು. ಅವಳು ಸೆರಗಿನಿಂದ ತಟ್ಟೆ ಒರೆಸಿ ಎರಡು ಇಟ್ಟಳು. ಆ ತಟ್ಟೆಯೇ ಇಂದು ನಿಮ್ಮ ಫಲಕದ ಮೇಲಿದೆ. ಕಂಬ ಹೂಳಲು ಅವಳು ಕೂರುವ ಜಾಗವೇ ಆಗಬೇಕಿತ್ತೇ?

"ಆರೋಗ್ಯದ ಬೋರ್ಡ್ ಕಣಮ್ಮ, ಅಡ್ಡ ಕೂರ್ಬೇಡ, ಏಳು" ಎಂದರು ನಿಮ್ಮ ಸಿಬ್ಬಂದಿ.

ಅವಳು ಅವರು ತಂದ ಫಲಕದ ಚಿತ್ರ ನೋಡಿ ಕೇಳಿದಳು: "ಅಲ್ರೀ ಸಾಹೇಬ್ರ, ನನ್ನ ರೊಟ್ಟಿಗಿ ಜಾಗಾ ಐತಿ, ನನಗ ಇಲ್ಲೇನ್ರೀ?"

ಈ ಬೀದಿಯಲ್ಲಿ ಮೂವತ್ತು ವರ್ಷ ದುಡಿದವನು ನಾನು. 'ಗಿಡ ನೆಡಿ' ಎಂಬ ಫಲಕ ಕಾಣಲೆಂದು ಹೊಂಗೆಯ ಕೊಂಬೆ ಕಡಿದದ್ದನ್ನೂ ಕಂಡಿದ್ದೇನೆ. ಆ ಪರಂಪರೆಗೆ ನೀವು ಚ್ಯುತಿ ತಂದಿಲ್ಲ, ಅಭಿನಂದನೆಗಳು.

ಈಗ ಗೇಟಿನ ಬಳಿ ಉಳಿದಿರುವುದು ಬೋಂಡದ ಗಾಡಿ, ಬೇಕರಿ. ಅವು ನಿಮ್ಮ ಫಲಕಕ್ಕೆ ಅಡ್ಡ ಬಂದಿಲ್ಲವಲ್ಲ! ಮೊನ್ನೆ ಭರಮಪ್ಪ ಅದರಡಿ ನಿಂತು ಸಿಹಿ ಬನ್ನು ತಿನ್ನುತ್ತಿದ್ದ.

"ಏನಪ್ಪಾ ಇದು?" ಎಂದೆ.

"ನೋಡಾಕ ರೊಟ್ಟಿ, ತಿನ್ನಾಕ ಬನ್ನು. ಸರಕಾರಿ ಪಥ್ಯ ನೋಡ್ರೀ ಸರ" ಎಂದು ನಕ್ಕ. ಅವನ ಕಾಲಿನ ಗಾಯ ತಿಂಗಳಾದರೂ ಒಣಗಿಲ್ಲ.

ನಿಮ್ಮ ಫಲಕ ಕೀಳಬೇಡಿ. ಅದರ ನೆರಳು ಚೆನ್ನಾಗಿದೆ. ಆ ನೆರಳಿನಲ್ಲಿ ಒಂದು ಬುಟ್ಟಿ, ಒಬ್ಬ ಹೆಂಗಸು ಹಿಡಿಸುವಷ್ಟು ಜಾಗವನ್ನು ಮಲಕವ್ವನಿಗೆ ಲಿಖಿತವಾಗಿ ಕೊಡಿ. ಈ ವಾರವೇ ಕೊಡಿ. ಭರಮಪ್ಪನ ಕಾಲು ನಿಮ್ಮ ಕಡತ ಬರುವ ತನಕ ಕಾಯಲಾರದು.

ಇಂತಿ,
ಫಲಕವನ್ನು ಪೂರ್ತಿ ಓದಿ ಹಸಿದುಕೊಂಡೇ ಮರಳಿದ
ಭಾನುಪ್ರಕಾಶ್, ಪೀಣ್ಯ