ಅರ್ನುಲ್ಫೊನ ಹುಂಜ ಸತ್ತದ್ದು ಯಾವಾಗ?

ಬೋಕಾ ಮಾನ್ಸಾ
ಮೇ ೧೯, ೨೦೧೯, ಭಾನುವಾರ

ಪ್ರೀತಿಯ ಮಗಳು ಬೆತ್ಸಬೆಗೆ ಅಪ್ಪನ ಮುತ್ತುಗಳು.

ನೀನು ಕೇಳಿದ್ದನ್ನು ಬರೆದು ಕಳಿಸಲು ಇಷ್ಟು ದಿನ ಹಿಡಿಯಿತು, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲೇ ಹೇಳಿಬಿಡಬಹುದಿತ್ತು. ಆದರೆ ನಿನ್ನ ಅತ್ತೆ ಎದುವಿಹಿಸ್ ಸ್ಪೀಕರ್ ಹಾಕದೆ ಫೋನು ಮುಟ್ಟುವವಳಲ್ಲ. ನಾವಾಡಿದ ಮಾತು ನಮಗಿಂತ ಮೊದಲೇ ಮೀನು ಮಾರುಕಟ್ಟೆ ಸೇರಿರುತ್ತದೆ. ಅದಕ್ಕೇ ಈ ಕಾಗದವನ್ನು ನದಿಯ ಲಾಂಚಿನವನ ಕೈಲಿ ಕಳಿಸುತ್ತಿದ್ದೇನೆ.

ಮಗ್ದಲೇನಾ ನದಿ ಏರಿದೆ, ಆದರೆ ನಮ್ಮ ಹೊಸ್ತಿಲಿಗೆ ಬಂದಿಲ್ಲ. ಅತ್ತೆಯ ಮಂಡಿ ನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ. ನೀನು ಏನು ಓದುತ್ತಿದ್ದೀಯ ಎಂದು ಯಾರಾದರೂ ಕೇಳಿದರೆ "ವಕೀಲಿ" ಎನ್ನುತ್ತಾಳೆ. ಒಂದು ಸಲ ಧೈರ್ಯ ಮಾಡಿ "ಇತಿಹಾಸ, ಅದರ ಜೊತೆ ದೇವಶಾಸ್ತ್ರ, ತತ್ವಶಾಸ್ತ್ರ, ನೀತಿಶಾಸ್ತ್ರ" ಎಂದು ನಿಜವನ್ನೇ ಹೇಳಿದಳಂತೆ. ಔಷಧಿ ಅಂಗಡಿಯವನು ಲೊಚಗುಟ್ಟಿ, "ಪಾಪ, ನಾಲ್ಕರಲ್ಲಿ ಒಂದಾದ್ರೂ ಪಾಸಾಗ್ಲಿ ಬಿಡಿ" ಅಂದನಂತೆ.

ಈಗ ವಿಷಯಕ್ಕೆ ಬರುತ್ತೇನೆ. ಊರಿನಲ್ಲಿ ತೀರಿಕೊಂಡ ಒಬ್ಬ ಸಾಮಾನ್ಯ ಮನುಷ್ಯನ ಬದುಕನ್ನು ಬರೆಯಬೇಕು, ಒಬ್ಬರ ಮಾತು ಇನ್ನೊಬ್ಬರು ಒಪ್ಪದಂಥ ಸಾಕ್ಷಿಗಳು ಬೇಕು ಎಂದು ನೀನು ಕೇಳಿದ್ದೆಯಲ್ಲ. ಅದೇ ವಾರ ಐಸ್ ಮಾರುವ ಅರ್ನುಲ್ಫೊ ತೀರಿಕೊಂಡ. ನಿನ್ನ ಅದೃಷ್ಟ ಎನ್ನಬಾರದು, ಶವಪೆಟ್ಟಿಗೆ ಅಂಗಡಿ ಇಟ್ಟ ನಾನಂತೂ ಹಾಗೆ ಅನ್ನಲೇಬಾರದು. ಆದರೂ ಅಳತೆ ತೆಗೆದುಕೊಳ್ಳಲು ಹೋದಾಗ ನಿನ್ನ ಪ್ರಶ್ನೆಗಳನ್ನೂ ಜೊತೆಗೇ ಒಯ್ದೆ.

ಮೊದಲ ಸಾಕ್ಷಿ ಅವನ ಹೆಂಡತಿ ಕಾಂದೆಲಾರಿಯಾ. "ದೇವರಂಥ ಮನುಷ್ಯ ಅಣ್ಣಾ. ಒಂದು ದಿನ ನನ್ನ ಮೇಲೆ ದನಿ ಎತ್ತಿದವರಲ್ಲ" ಎಂದು ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಹಿತ್ತಲಿಂದ ಅರ್ನುಲ್ಫೊನ ದನಿಯೇ ಕೇಳಿಸಿತು: "ಕಾಂದೆಲಾರಿಯಾ! ಎಲ್ಲಿ ಹಾಳಾಗ್ಹೋದೆ? ಕಾಫಿ ತಾ!" ನನ್ನ ಕೈಯಲ್ಲಿದ್ದ ಟೇಪು ಕೆಳಗೆ ಬಿತ್ತು. ಗಿಳಿ, ಮಗಳೇ. ಅವನೇ ಸಾಕಿದ ಗಿಳಿ. ಕಾಂದೆಲಾರಿಯಾ ಎದ್ದು ಹೋಗಿ ಪಂಜರಕ್ಕೆ ಬಟ್ಟೆ ಹೊದಿಸಿ ಬಂದು, ಏನೂ ಆಗದವಳಂತೆ, "ಎಲ್ಲಿಗೆ ನಿಲ್ಲಿಸಿದ್ದೆ?" ಎಂದು ಕೇಳಿದಳು. ಗಿಳಿಯನ್ನು ಸಾಕ್ಷಿಯೆಂದು ಹಿಡಿಯಬಹುದೇ? ನಿನ್ನ ಮೇಷ್ಟ್ರನ್ನು ಕೇಳಿ ತಿಳಿಸು.

ಇನ್ನೊಬ್ಬ ಸಾಕ್ಷಿ ಅವನ ಅಣ್ಣ ನೆಮೇಸಿಯೊ. "ತಮ್ಮನ ಬಗ್ಗೆ ಏನಾದ್ರೂ ಹೇಳ್ತೀಯಾ?" ಅಂದೆ.

"ನಂಗೆ ತಮ್ಮನೇ ಇಲ್ಲ."

"ಈಗ ನಿಜವಾಗ್ಲೂ ಇಲ್ಲ ಕಣೋ. ಅದಕ್ಕೇ ಕೇಳ್ತಿರೋದು."

"ಹುಂಜ ಕದ್ದವನು ತಮ್ಮ ಆಗ್ತಾನೇನೋ?" ಎಂದು ಬಾಗಿಲು ಹಾಕಿಕೊಂಡ. ನಿನಗೆ ಈ ಕಥೆ ಗೊತ್ತಿರಲಿಕ್ಕಿಲ್ಲ. ನೀನಿನ್ನೂ ಚಿಕ್ಕವಳಿದ್ದಾಗ ಅರ್ನುಲ್ಫೊ ಅಣ್ಣನ ಕಾಳಗದ ಹುಂಜವನ್ನು ಕೇಳದೆ ಒಯ್ದು ಅಂಕಕ್ಕೆ ಬಿಟ್ಟ. ಅದು ಸೋತಿತು. ಪೆಟ್ಟು ತಿಂದ ಹುಂಜವನ್ನು ಹಿಂದಿರುಗಿಸಲು ಮುಖವಿಲ್ಲದೆ ತನ್ನಲ್ಲೇ ಇಟ್ಟುಕೊಂಡ. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ.

ಗೊಂದಲವಾಗಿ ನಿನಗೆ ಫೋನು ಮಾಡಿದೆನಲ್ಲ? "ಎಲ್ಲಾನೂ ಬರ್ಕೊಳ್ಳಿ ಅಪ್ಪಾ" ಅಂದೆ ನೀನು. ಬರೆದುಕೊಂಡರೆ ನಿನಗೆ ಸಾಕು, ಆದರೆ ಸಂಜೆ ಗುಂಡಿಯ ಪಕ್ಕ ನಿಂತು, ಎಂದಿನಂತೆ ಸತ್ತವನ ಬಗ್ಗೆ ನಾಲ್ಕು ಮಾತಾಡಬೇಕಾದವನು ನಾನು. ಇದರಲ್ಲಿ ಯಾವುದನ್ನು ಹೇಳಲಿ ಎಂದರೆ ನೀನು ಶುರು ಮಾಡಿದೆ: "ದೇವಶಾಸ್ತ್ರದ ಸಿಸ್ಟರ್ ಹೇಳ್ತಾರೆ, ಕರುಣೆ ಬೇರೆ, ಸುಳ್ಳು ಬೇರೆ ಅಂತ. ನೀತಿಶಾಸ್ತ್ರದವರು, ಯಾರಿಗೆ ನೋವಾಗತ್ತೆ ನೋಡಿ ಅಂತಾರೆ. ತತ್ವಶಾಸ್ತ್ರದವರು, ಮೊದ್ಲು 'ಒಳ್ಳೆಯವನು' ಅಂದ್ರೇನು ಅಂತ..." ಅಲ್ಲಿಗೆ ನನ್ನ ಕರೆನ್ಸಿ ಮುಗಿಯಿತು. ಒಳ್ಳೆಯವನು ಅಂದರೇನು ಎಂದು ತಿಳಿಯದೆಯೇ ನಾನು ಸ್ಮಶಾನಕ್ಕೆ ಹೋದೆ.

ನನ್ನ ಭಾಷಣ ನಿನಗೆ ಬಾಯಿಪಾಠ. "ಒಲುಮೆಯ ಗಂಡ, ಅಕ್ಕರೆಯ ಒಡಹುಟ್ಟು, ಬಡವರ ಬಂಧು." ಹೆಸರೊಂದನ್ನು ಬದಲಾಯಿಸಿದರೆ ಯಾರಿಗೆ ಬೇಕಾದರೂ ಹೊಂದುತ್ತದೆ. ಅಂದು ಪೆಟ್ಟಿಗೆಯನ್ನು ಹಗ್ಗದಲ್ಲಿ ಎತ್ತಿ ಹಿಡಿದಿದ್ದರು. ಬಾಯಿ ತೆರೆದೆ. "ಒಲುಮೆಯ ಗಂಡ" ಎನ್ನಬೇಕು, ಆದರೆ ಕಿವಿಯಲ್ಲಿ ಆ ಗಿಳಿ. ಬಾಯಿಂದ ಬಂದದ್ದು ಬೇರೆಯೇ.

"ಅರ್ನುಲ್ಫೊ ಐಸ್ ಮಾರ್ತಿದ್ದ. ದುಡ್ಡು ಕೊಟ್ಟಷ್ಟು ಐಸ್ ನಂಗೆ ಯಾವತ್ತೂ ಸಿಗಲಿಲ್ಲ" ಅಂದೆ.

ಪಾದ್ರಿ ಎವರಿಸ್ತೊ ಕೆಮ್ಮಿದರು. ಕಾಂದೆಲಾರಿಯಾ ಮುಸುಕು ಸರಿಸಿ ನನ್ನನ್ನೇ ನೋಡಿದಳು. ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ. "ಪ್ರವಾಹದ ವರ್ಷ ಸ್ಮಶಾನ ಮುಳುಗಿದಾಗ ಹೆಣಗಳನ್ನ ನನ್ನ ಅಂಗಡೀಲೇ ಇಟ್ಕೋಬೇಕಾಯ್ತು. ಅರ್ನುಲ್ಫೊ ದೋಣೀಲಿ ಐಸ್ ತಂದು ಸುರಿದ. ಕಾಸು ಮುಟ್ಟಲಿಲ್ಲ. ಆ ಗಡ್ಡೆಗಳು ಮಾತ್ರ ದೊಡ್ಡವಿದ್ವು. ಒಂದು ಹುಂಜದ ದೆಸೆಯಿಂದ ಅಣ್ಣನ ಜೊತೆ ಮಾತು ಬಿಟ್ಟ. ಆ ಹುಂಜಾನೂ ಮುಂದಿನ ತಿಂಗಳೇ ಸತ್ತೋಯ್ತು."

"ಸುಳ್ಳು!" ಹಿಂದಿನಿಂದ ನೆಮೇಸಿಯೊನ ಕೂಗು. ನನ್ನ ಮುಖಕ್ಕೆ ಬಾಗಿಲು ಹಾಕಿದವನು ಬಂದು ಮರದ ಮರೆಯಲ್ಲಿ ನಿಂತಿದ್ದ. "ಯಾವನೋ ಹೇಳಿದ್ದು ಮುಂದಿನ ತಿಂಗಳು ಅಂತ? ನನ್ನ ಹುಂಜ ಕಾರ್ನಿವಲ್‌ವರೆಗೂ ಬದುಕಿತ್ತು!"

"ಕಾರ್ನಿವಲ್ ಅಲ್ಲ, ಕ್ರಿಸ್ಮಸ್ಸು" ಎಂದು ಯಾರೋ. "ಇಲ್ಲ, ನಾನು ಆಮೇಲೂ ನೋಡಿದೀನಿ" ಎಂದು ಇನ್ಯಾರೋ. "ಅದು ಬೇರೆ ಹುಂಜ ಕಣೋ!" ಇಡೀ ಸ್ಮಶಾನವೇ ನಿನ್ನ ಇತಿಹಾಸ ವಿಭಾಗವಾಗಿಬಿಟ್ಟಿತು ಮಗಳೇ. ಪಾದ್ರಿ ಕೈ ಮೇಲೆತ್ತಿ, "ಹುಂಜ ಆಮೇಲೆ, ಮೊದಲು ಮನುಷ್ಯ!" ಎಂದು ಕೂಗಿದರು. ಹಗ್ಗ ಹಿಡಿದವರಲ್ಲೊಬ್ಬ, "ಬೇಗ ತೀರ್ಮಾನ ಮಾಡ್ರಪ್ಪಾ, ತೋಳು ಬಿದ್ದೋಗ್ತಿದೆ" ಅಂದ.

ಆಗ ಕಾಂದೆಲಾರಿಯಾ ಬಾಯಿಬಿಟ್ಟಳು. "ಅದು ಸತ್ತಿದ್ದು ಪವಿತ್ರ ವಾರದಲ್ಲಿ. ಮಾಂಸ ತಿನ್ನೋ ಹಾಗಿಲ್ಲ ಅಂತ ಹಿತ್ತಲಲ್ಲಿ ಹೂತ್ವಿ. ಅಲ್ಲಿವರೆಗೂ ಅದಕ್ಕೆ ಕೈಯಾರೆ ಕಾಳು ತಿನ್ನಿಸಿದ್ದು ಇವರೇ. ಆವತ್ತು ಕೂತು ಅತ್ತುಬಿಟ್ರು, ಭಾವ."

"ಅತ್ನಾ?" ಅಂದ ನೆಮೇಸಿಯೊ.

"ಅತ್ರು. ನಿಮಗೆ ಹೇಳ್ಬೇಕು ಅಂತ ನಿಮ್ಮ ಬೀದಿವರೆಗೂ ಬಂದು ವಾಪಸ್ ಬಂದ್ರು."

ನೆಮೇಸಿಯೊ ಟೋಪಿ ತೆಗೆದು ಮರದ ಬುಡದಲ್ಲಿಟ್ಟ. ಆಮೇಲೆ ಬಂದು, ತೋಳು ಸೋತವನ ಕೈಯಿಂದ ಹಗ್ಗ ತೆಗೆದುಕೊಂಡು, "ನಿಧಾನ, ನಿಧಾನ" ಎನ್ನುತ್ತ ತಮ್ಮನನ್ನು ಇಳಿಸಿದ.

ವಾಪಸು ಬರುವಾಗ ಕಾಂದೆಲಾರಿಯಾ ನನ್ನ ಪಕ್ಕಕ್ಕೆ ಬಂದಳು. ಬೈಯುತ್ತಾಳೆ ಎಂದುಕೊಂಡೆ. "ಐಸಿನ ವಿಷಯ ಎತ್ತಬಾರದಿತ್ತು ಅಣ್ಣಾ" ಎಂದು, ನಾಲ್ಕು ಹೆಜ್ಜೆ ನಡೆದ ಮೇಲೆ, "ಆದ್ರೆ ಇವತ್ತು ಪೆಟ್ಟಿಗೇಲಿ ನಮ್ಮೋರೇ ಇದ್ರು ಅನ್ನಿಸ್ತು" ಅಂದಳು.

ಈಗ ಊರೆಲ್ಲ ಇದೇ ಮಾತು. ನಷ್ಟವೂ ಆಗಿದೆ. ಎರಡು ಮನೆಯವರು ಹಳೆಯ ಥರದ ಹೊಗಳಿಕೆಯೇ ಬೇಕೆಂದು ಆಚೆ ದಡದ ಪೆಟ್ಟಿಗೆಯವನ ಹತ್ತಿರ ಹೋಗಿದ್ದಾರೆ. ಇಲ್ಲಿ ಉಳಿದ ಮುದುಕರು ಮಾತ್ರ ನನ್ನನ್ನು ಕಂಡರೆ ಎದ್ದು ನಿಂತು ನಮಸ್ಕಾರ ಹೇಳುತ್ತಾರೆ. ತೊಂಬತ್ತು ದಾಟಿದ ಸೆನೊಬಿಯಾ ಅಜ್ಜಿ ಜೋಳದ ಕಡುಬು ತಂದುಕೊಟ್ಟು, "ನಂದು ಬಂದಾಗ ನಿಜಾನೇ ಹೇಳಪ್ಪ, ಆದ್ರೆ ನನ್ನ ನಾದಿನಿ ವಿಷಯದ್ದು" ಅಂದಳು. ನಿನ್ನ ಅತ್ತೆಯಂತೂ, "ನಾನು ಸತ್ತಾಗ ನೀನು ಬಾಯಿ ತೆಗೆದ್ರೆ ಎದ್ದು ಕೂರ್ತೀನಿ" ಎಂದು ಎಚ್ಚರಿಕೆ ಕೊಟ್ಟಿದ್ದಾಳೆ.

ಚೆನ್ನಾಗಿ ಓದು. ಹೊತ್ತು ಹೊತ್ತಿಗೆ ಉಣ್ಣು. ಆ ನಾಲ್ಕು ಜನ ಮೇಷ್ಟ್ರುಗಳು ಒಂದೇ ಮಾತು ಹೇಳಿದ ದಿನ ನನಗೂ ತಿಳಿಸು. ಕನ್ಯೆ ಮರಿಯಮ್ಮ ನಿನ್ನ ದಾರಿ ಕಾಯಲಿ, ನಿನ್ನ ಕಣ್ಣಿಗೆ ಕನ್ನಡಕ ಬಾರದಿರಲಿ.

ಇಂತಿ ನಿನ್ನ ಅಪ್ಪ,
ತಾರ್ಸಿಸಿಯೊ

ತಾ.ಕ.: ಲಾಂಚು ಹೊರಡಲು ಇನ್ನೂ ಹೊತ್ತಿದೆಯಂತೆ. ಹಾಗಾಗಿ ಇದನ್ನೂ ಬರೆಯುತ್ತೇನೆ. ನಿನ್ನ ಅಮ್ಮ ಹೋದಾಗ ನಿನಗೆ ನಾಲ್ಕು ವರ್ಷ. ಊರಿನಲ್ಲಿ ಸತ್ತವರಿಗೆಲ್ಲ ಮಾತಾಡಿದ ನನಗೆ ಅವಳಿಗಾಗಿ ಒಂದು ಮಾತೂ ಹೊರಡಲಿಲ್ಲ. ಪಾದ್ರಿ ಕಾದು ನೋಡಿ ಮಣ್ಣು ಹಾಕಿಸಿದರು. ರಜೆಗೆ ಬಂದಾಗ ನೀನು ಅವಳ ಬಗ್ಗೆ ಅತ್ತೆಯನ್ನು ಕೇಳಿದ್ದೀಯ, ಸೆನೊಬಿಯಾ ಅಜ್ಜಿಯನ್ನು ಕೇಳಿದ್ದೀಯ, ನಾನು ಪಕ್ಕದ ಕೋಣೆಯಲ್ಲೇ ಪೆಟ್ಟಿಗೆಯ ಹಲಗೆಗೆ ರಂದ ಹೊಡೆಯುತ್ತಿದ್ದೆ. ನನಗೆ ನೋವಾದೀತೆಂದು ನನ್ನನ್ನು ಕೇಳದೆ ಬಿಟ್ಟಿರಬೇಕು. ಜೂನ್‌ನಲ್ಲಿ ಬಂದಾಗ ಕೇಳು ಮಗಳೇ. ಸದ್ಯಕ್ಕೆ ಇಷ್ಟು: ನಗು ಬಂದರೆ ನಿನ್ನ ಅಮ್ಮ ಬಾಗಿಲ ಹೊರಗೆ ಬಂದು ನಗುತ್ತಿದ್ದಳು, ಒಳಗೆ ಅವಳ ನಗೆಗೆ ಗೋಡೆ ಸಾಲುತ್ತಿರಲಿಲ್ಲ. ಇದು ಅತ್ತೆಗೆ ಗೊತ್ತಿಲ್ಲ.